ಏಳನೇ ಪುಟದ ಸಂಸ್ಕೃತಿ

ಅಧ್ಯಕ್ಷರಾದ ರಾಮಾನುಜ ಅವರೇ, ಪ್ರಾಂಶುಪಾಲರಾದ ಸುಪ್ರಜಾ ಮೇಡಂ ಅವರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿನಿಯರೇ, ಸಭಿಕರೇ,

ಸೂಲಗಿತ್ತಿಯರ ದಿನಕ್ಕೆಂದು ನಾನು ಬರೆದುಕೊಂಡು ಬಂದ ಭಾಷಣದಲ್ಲಿ ಒಂದು ವಿಷಯ ಇರಲಿಲ್ಲ. ಚಾಮರಾಜಪೇಟೆಯಲ್ಲಿ ಆಟೊ ಇಳಿಯುವವರೆಗೂ ಅದನ್ನು ಹೇಳಬಾರದೆಂದೇ ಇದ್ದೆ. ಆದರೆ ಈಗಷ್ಟೇ ನೀವು ಶಾಲು ಹೊದಿಸಿ, ಪೇಟ ತೊಡಿಸಿ, ನನ್ನನ್ನು 'ಸಂಸ್ಕೃತಿಗಳ ಸೇತುವೆ' ಎಂದು ಕರೆದಿರಿ. ಪೇಟ ಸ್ವಲ್ಪ ಬಿಗಿಯಾಗಿದೆ. ಹೇಳಿಬಿಡುತ್ತೇನೆ.

ಹೊರದೇಶಗಳಲ್ಲಿ ಹೆರಿಗೆ ಶುಶ್ರೂಷೆ ಕಲಿಯುವ ಹುಡುಗಿಯರು ಪ್ರತಿ ವರ್ಷ ನಮ್ಮ ಆಸ್ಪತ್ರೆಗೆ ಆರು ವಾರದ ತರಬೇತಿಗೆ ಬರುತ್ತಾರೆ. ಅವರಿಗೆ ನಮ್ಮ ರೀತಿ ರಿವಾಜು ತಿಳಿಸುವ ಕೈಪಿಡಿ ಬರೆದವಳು ನಾನು. ಅದರ ಏಳನೇ ಪುಟದಲ್ಲಿ ಹೀಗಿದೆ: "ಭಾರತೀಯ ಹೆಂಗಸು ಹೆರಿಗೆಯ ಹೊತ್ತಿನಲ್ಲಿ ಏಕಾಂತ ಬಯಸುತ್ತಾಳೆ. ನೋವನ್ನು ಮೌನವಾಗಿ ಸಹಿಸುತ್ತಾಳೆ."

ಇದಕ್ಕೆ ಆಧಾರ ಯಾವುದು? ಯಾವ ಸಮೀಕ್ಷೆ? ಯಾವ ಗ್ರಂಥ? ಆಧಾರ ನಾನೇ. ಹದಿನೇಳು ವರ್ಷದ ಹಿಂದೆ ಮಲ್ಲೇಶ್ವರದ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆ ನೋವು ತಿನ್ನುತ್ತಾ ಹನ್ನೊಂದು ಗಂಟೆ ಒಬ್ಬಳೇ ಮಲಗಿದ್ದೆ. ಕೂಗಲಿಲ್ಲ. "ಎಷ್ಟು ಒಳ್ಳೇ ಪೇಷಂಟು!" ಎಂದರು ನರ್ಸುಗಳು. ಕಾನ್ವೆಂಟಿನಲ್ಲಿ ಓದಿದವಳಿಗೆ ಅಷ್ಟು ಶಹಭಾಸ್‌ಗಿರಿ ಸಾಕಾಯಿತು. ಬಾಗಿಲಾಚೆ ನಮ್ಮಮ್ಮ ಹನ್ನೊಂದು ಗಂಟೆಯೂ ನಿಂತೇ ಇದ್ದಳಂತೆ. ಅದನ್ನು ಕೈಪಿಡಿಗೆ ಸೇರಿಸಲಿಲ್ಲ.

ಈ ಸಲ ಐರ್ಲೆಂಡಿನಿಂದ ನೋರಾ ಬಂದಳು. ಕಳೆದ ಗುರುವಾರ ಕಾಟನ್‌ಪೇಟೆಯ ಯಶಶ್ರೀ ಎಂಬ ಹುಡುಗಿ ಹೆರಿಗೆ ನೋವಿನಲ್ಲಿ "ಅಮ್ಮಾ" ಎಂದು ಕೂಗುತ್ತಿದ್ದಳು. ಅವಳ ಅಮ್ಮ ಕೆಳಗೆ ಮೆಟ್ಟಿಲ ಮೇಲೆ ಫ್ಲಾಸ್ಕು ಹಿಡಿದು ಕೂತಿದ್ದರು. ನೋರಾಗೆ ಕನ್ನಡ ಬಾರದು; ಆದರೆ 'ಅಮ್ಮ' ಎಂಬುದಕ್ಕೆ ಕೈಪಿಡಿ ಬೇಕೆ? ನಮ್ಮ ಆಯಾ ಮುನಿಯಮ್ಮನಿಗೆ ಸನ್ನೆ ಮಾಡಿದಳು. ಮುನಿಯಮ್ಮ ಕೆಳಗೋಡಿ, "ಬಾರಮ್ಮ ಮೇಲಕ್ಕೆ, ಮಗಳು ಕರೀತಾವ್ಳೆ" ಎಂದು ಅವರನ್ನು ಕರೆತಂದಳು. ಅಮ್ಮ ಬೆನ್ನು ಉಜ್ಜುತ್ತಾ ಕೂತರು. ಹೆರಿಗೆ ಸುಸೂತ್ರವಾಗಿ ಆಯಿತು. ಹೆಣ್ಣು ಮಗು.

ನಾನು ಇಬ್ಬರನ್ನೂ ಕರೆಸಿ, "ನಮ್ಮ ಸಂಸ್ಕೃತಿ ಏನು ಅಂತ ಗೊತ್ತಿಲ್ವಾ?" ಎಂದೆ. ಮುನಿಯಮ್ಮ ನಕ್ಕಳು. "ಸಂಸ್ಕೃತಿನೂ ಇಲ್ಲ, ಗಿಂಸ್ಕೃತಿನೂ ಇಲ್ಲ ಮೇಡಂ. ಹಳೇ ಬಿಲ್ಡಿಂಗ್‌ನಲ್ಲಿ ಎರಡು ಮಂಚದ ಮಧ್ಯೆ ನಿಲ್ಲೋಕೆ ಜಾಗ ಇರ್ಲಿಲ್ಲ, ಅದಕ್ಕೆ ಯಾರನ್ನೂ ಒಳಗೆ ಬಿಡ್ತಿರ್ಲಿಲ್ಲ. ಹೊಸ ಬಿಲ್ಡಿಂಗ್ ಬಂತು, ಜಾಗಾನೂ ಬಂತು. ಹೇಳೋರು ಯಾರು?"

ನೋರಾ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಮೇಡಂ, ನಮ್ಮೂರಿನ ಆಸ್ಪತ್ರೆಯ ಗೋಡೆಗೆ ನಿಮ್ಮ ಏಳನೇ ಪುಟ ಅಂಟಿಸಿದ್ದಾರೆ. ನಮ್ಮ ಸೀನಿಯರ್ ಒಬ್ಬರು ಇಲ್ಲಿಂದ ತಂದದ್ದು. ನಿಮ್ಮ ದೇಶದವರು ಹೆರಿಗೆಗೆ ಬಂದರೆ ನಾವು ಗೌರವದಿಂದ ಗಂಡನನ್ನೂ ಹೊರಗೆ ಕಳಿಸುತ್ತೇವೆ."

ಗೌರವದಿಂದ! ಅಲ್ಲಿ ಎಷ್ಟು ಜನ ಹೆಂಗಸರು ನನ್ನ ಗೌರವವನ್ನು ಒಂಟಿಯಾಗಿ ಅನುಭವಿಸಿದರೋ.

ನಾನು ಆಗ ಏನು ಮಾಡಿದೆ? ಅವಳ ಮೌಲ್ಯಮಾಪನ ಪತ್ರದಲ್ಲಿ "ಸ್ಥಳೀಯ ಸಂಸ್ಕೃತಿಯ ಬಗ್ಗೆ ಗೌರವ ಸಾಲದು, ಅನುತ್ತೀರ್ಣ" ಎಂದು ಬರೆದು, ಸೀಲು ಹಾಕಿ, ಲಕೋಟೆ ಅಂಟಿಸಿದೆ. ಅದು ಅವಳ ವಿಶ್ವವಿದ್ಯಾಲಯಕ್ಕೆ ತಲುಪಿದರೆ ಹುಡುಗಿಗೆ ಒಂದು ವರ್ಷ ಹೋಯಿತು. ಮೂಲ ಪ್ರತಿ ಅಂಚೆಯಲ್ಲೇ ಹೋಗಬೇಕೆಂಬ ನಿಯಮ ಅವಳನ್ನು ಇಲ್ಲಿಯವರೆಗೆ ಕಾಪಾಡಿದೆ; ಲಕೋಟೆ ಇನ್ನೂ ನನ್ನ ಚೀಲದಲ್ಲೇ ಇದೆ. ನಿಯಮಗಳಿಂದಲೂ ಆಗೊಮ್ಮೆ ಈಗೊಮ್ಮೆ ಉಪಕಾರವಾಗುತ್ತದೆ.

ನೋರಾ ಮೂರನೇ ಸಾಲಿನಲ್ಲಿ ಮುನಿಯಮ್ಮನ ಪಕ್ಕ ಕೂತಿದ್ದಾಳೆ. ನೀವು ನಕ್ಕಾಗಲೆಲ್ಲ ಅವಳೂ ನಗುತ್ತಾಳೆ. ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿರುವುದು ನನ್ನ ಪ್ರಾಮಾಣಿಕತೆಯೋ, ಅವಳಿಗೆ ಅರ್ಥವಾಗದೆಂಬ ಧೈರ್ಯವೋ? ಎರಡನೆಯದೇ ಇರಬೇಕು. ಆದ್ದರಿಂದ ಹೊಸ ಮೌಲ್ಯಮಾಪನ ಪತ್ರವನ್ನು ಅವಳಿಗೆ ಅರ್ಥವಾಗುವ ಭಾಷೆಯಲ್ಲೇ ಬರೆಯುತ್ತೇನೆ: ವಿದ್ಯಾರ್ಥಿನಿ ಉತ್ತೀರ್ಣ, ಏಳನೇ ಪುಟ ಅನುತ್ತೀರ್ಣ, ದಯವಿಟ್ಟು ಗೋಡೆಯಿಂದ ಕಿತ್ತುಹಾಕಿ.

ಅಧ್ಯಕ್ಷರೇ, ಶಾಲು ನನಗಿರಲಿ, ನಮ್ಮಮ್ಮನಿಗೆ ಕೊಡುತ್ತೇನೆ. ಪೇಟ ಮಾತ್ರ ಮುನಿಯಮ್ಮನ ತಲೆಯ ಅಳತೆಯದು ಎನಿಸುತ್ತದೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು, ನಮಸ್ಕಾರ. ಹಳೆಯ ಲಕೋಟೆ ಇಗೋ, ನಿಮ್ಮೆದುರೇ ಹರಿದೆ. ಹೊಸದನ್ನು ಬಸವನಗುಡಿ ಅಂಚೆ ಕಚೇರಿಯಲ್ಲಿ ಹಾಕುವ ದಿನ: ನಾಳೆ, ಮೇ ಆರು, ಬುಧವಾರ.