ಎದ್ದೇಳಿ

ಸ್ವೀಡನ್ನಿನ ಓರೆಬ್ರೂ ಬಸ್ ನಿಲ್ದಾಣದಲ್ಲಿ ನನ್ನ ಹಿಂದೆ ಅಕ್ಕ ತಮ್ಮ ಇಬ್ಬರು ಕನ್ನಡದಲ್ಲಿ ಕಚ್ಚಾಡುತ್ತಿದ್ದರು. ಈ ಊರಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ಅವರದು. ನನಗೆ ಎಲ್ಲವೂ ತಿಳಿಯಿತು.

"ಆ ಸ್ಲೇಟ್‌ಮನ್ ಅನ್ನೋ ರ‍್ಯಾಪರ್‌ಗೆ ಅಜ್ಜಿ ಕ್ಯಾಸೆಟ್ ಯಾಕೋ ಕೊಟ್ಟೆ, ಅರ್ಣವ್?"

"ಅವನಿಗಲ್ಲ ಕಣೇ, ಅವನ ಡಿಜೆಗೆ. ಎರಡು ಆಲ್ಬಮ್ ಫ್ಲಾಪ್ ಆಗಿತ್ತು ಅವರದ್ದು. ಇಂಡಿಯನ್ ವಾಯ್ಸ್ ಬೇಕು ಅಂದ್ರು. ಈಗ ಅಮೆರಿಕದಲ್ಲೆಲ್ಲ ಅದೇ ಹಾಡು!"

"ಅದು ಹಾಡಲ್ವೋ! ತಾತನ ಹೆಣದ ಮುಂದೆ ಅಜ್ಜಿ ಅತ್ತಿದ್ದು. ಅಪ್ಪಂಗೆ ಮಣ್ಣಿಗೆ ಹೋಗೋಕಾಗ್ಲಿಲ್ಲ ಅಂತ ಚಿಕ್ಕಪ್ಪ ರೆಕಾರ್ಡ್ ಮಾಡಿ ಕಳಿಸಿದ್ದು."

"ನಂಗೇನ್ ಗೊತ್ತು? 'ಎದ್ದೇಳಿ, ಎದ್ದೇಳಿ' ಅಂತಿದ್ರು. ಅರ್ಥ ಕೇಳಿದ್ದಕ್ಕೆ ಗೆಟ್ ಅಪ್ ಅಂತ ಹೇಳ್ದೆ. ಕರೆಕ್ಟ್ ತಾನೆ?"

"ಕರೆಕ್ಟೇ. ಅಜ್ಜಿ ಅದನ್ನ ತಾತಂಗೆ ಹೇಳ್ತಿದ್ರು. ಈಗ ಆ ಅಳುವಿಗೆ ಹುಡುಗೀರು ಸೊಂಟ ಕುಣಿಸ್ತಾರೆ. ಥೂ!"

ನನಗೆ ತಿರುಗಿ ಅವನಿಗೆ ನಾಲ್ಕು ಬಾರಿಸೋಣವೆನಿಸಿತು.

"ಅಪ್ಪಂಗೆ ಗೊತ್ತಾಗೋದ್ರೊಳಗೆ ಅಜ್ಜಿ ದನಿ ತೆಗೀರಿ ಅಂತ ಅವರಿಗೆ ಮೇಲ್ ಮಾಡು."

"ಮಾಡಲ್ಲ. ಸ್ಟಾಕ್‌ಹೋಮ್ ಶೋಲಿ ನನ್ನ ಸ್ಟೇಜಿಗೆ ಕರೀತಾರೆ. ಅಪ್ಪ ಎಲ್ಲಿ ಹಿಪ್ ಹಾಪ್ ಕೇಳ್ತಾರೆ, ಬಿಡೇ."

ಅಷ್ಟರಲ್ಲಿ ಅವನ ಜೇಬಿನೊಳಗೆ ಧಡಬಡ ತಾಳದ ಮೇಲೆ ಮುದುಕಿಯೊಬ್ಬಳ ಗಂಟಲು ಕಿರುಚಿತು. ಅದು ಅವನ ರಿಂಗ್‌ಟೋನ್. ನಾನು ತಿರುಗಿ ನೋಡಿದೆ. ಅವನು ಹೊರತೆಗೆದ ಫೋನನ್ನು ಅಕ್ಕ ಬಗ್ಗಿ ನೋಡಿದಳು.

"ಅಪ್ಪ. ಎತ್ತು."

ಅವನು ಎತ್ತಲಿಲ್ಲ, ಮತ್ತೆ ಜೇಬಿಗಿಳಿಸಿದ. ಬಸ್ಸು ಬಂತು. ಮುದುಕಿ ಅವನ ಜೇಬಿನಲ್ಲಿ ಅಳುತ್ತಲೇ ಬಸ್ಸು ಹತ್ತಿದಳು.