ಲೈಫ್ ಜಾಕೆಟ್ ಮೇಲಿನ ಕೋಟು

ಪ್ಯಾಂಟಿಗೆ ತೇಪೆ ಹಾಕಿಸಲು ಕೊಟ್ಟು, ದರ್ಜಿ ಅಂಗಡಿಯ ಬೆಂಚಿನ ಮೇಲೆ ಟವೆಲ್ ಸುತ್ತಿಕೊಂಡು ಕೂತಿದ್ದ ಪೋಸ್ಟ್‌ಮ್ಯಾನ್‌ಗೆ ಎದ್ದು ಹೋಗುವ ಹಾಗೂ ಇರಲಿಲ್ಲ, ಕೇಳಿಸಿಕೊಳ್ಳದೆ ಇರುವ ಹಾಗೂ ಇರಲಿಲ್ಲ. ಕನ್ನಡಿಯ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹೋದ ತಿಂಗಳು ಯುದ್ಧದಲ್ಲಿ ಶತ್ರುಗಳು ಮುಳುಗಿಸಿದ ಪ್ರಯಾಣಿಕರ ಹಡಗಿನಿಂದ ಬದುಕಿ ಬಂದ ಗಂಡ, ಅಂದು ಕಟ್ಟಿಕೊಂಡ ಲೈಫ್ ಜಾಕೆಟನ್ನು ಇನ್ನೂ ಬಿಚ್ಚಿರಲಿಲ್ಲ.

“ಮಗಳ ಮದುವೆ ಕೋಟು ರೀ. ಅಳತೆ ಕೊಡೋಕಾದ್ರೂ ಅದನ್ನ ಬಿಚ್ಚಿ.”

“ಇದರ ಮೇಲೇ ಅಳತೆ ತಗೊಳ್ಳಲಿ.”

“ಬೀಗರು ಏನಂದ್ಕೋತಾರೆ?”

“ಉಂಡು ತಿಂದು ದಪ್ಪ ಆಗಿದಾನೆ ಅಂದ್ಕೋತಾರೆ.”

“ಈ ಊರಲ್ಲಿ ಮುಳುಗೋಕೆ ನೀರೆಲ್ಲಿದೆ? ನಲ್ಲೀಲೇ ಬರ್ತಿಲ್ಲ.”

“ಹಡಗಿಗೆ ಟಾರ್ಪಿಡೊ ಬಡಿಯೋ ಮುಂಚೆ ಕ್ಯಾಪ್ಟನ್ನೂ ಹೀಗೇ ಧೈರ್ಯ ಹೇಳಿದ್ದ. ನಿಶ್ಚಿಂತೆಯಾಗಿ ಮಲ್ಕೊಳ್ಳಿ ಅಂದ.”



“ಅದನ್ನ ಕಟ್ಕೊಂಡ ಮೇಲೂ ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡು ನನ್ನನ್ನೇ ಯಾಕೆ ನೋಡ್ತಿರ್ತೀರಿ?”

“ನಿನಗೆ ಇಂಥದ್ದಿಲ್ವಲ್ಲ.”

ಅವಳು ದರ್ಜಿಯ ಕಡೆ ತಿರುಗಿದಳು. “ಅಣ್ಣಾ, ಇದರ ಮೇಲೇ ಅಳತೆ ತಗೊಳ್ಳಿ. ನನಗೂ ಇಂಥದ್ದೇ ಒಂದು ಹೊಲಿದುಕೊಡಿ. ಮದುವೆ ಬಟ್ಟೆಗೆ ಮ್ಯಾಚ್ ಆಗ್ಬೇಕು.”

ಹೊರಡುವಾಗ ಅಂಗಡಿಯ ಕಿರುಬಾಗಿಲಲ್ಲಿ ಗಂಡ ಸಿಕ್ಕಿಕೊಂಡ. ಅವಳು ಹಿಂದಿನಿಂದ ಮೆಲ್ಲಗೆ ತಳ್ಳಿದಳು.