ಹಾಲ್ಡರ್‌ಗಿಲ್ ವಂಶವೃಕ್ಷದಲ್ಲಿ ಬರೆಯದೆ ಉಳಿದ ಹೆಸರು

ಮಾನ್ಯ ಅಧ್ಯಕ್ಷರಾದ ಶ್ರೀಮತಿ ಎಡ್ವಿನಾ ಟೆನಿಕ್ ಅವರೇ, ಜಿಲ್ಲಾ ದಾಖಲೆ ಭಂಡಾರದಿಂದ ಬಂದಿರುವ ಅತಿಥಿಗಳೇ, ಹಾಲ್ಡರ್‌ಗಿಲ್ ಆಗಿ ಹುಟ್ಟಿದವರೇ, ಮದುವೆಯಿಂದ ಹಾಲ್ಡರ್‌ಗಿಲ್ ಆದವರೇ, ಬರೀ ಹಣ್ಣಿನ ಕೇಕು ಮತ್ತು ಚೀಸಿಗಾಗಿ ಬಂದಿರುವ ಪ್ರಾಮಾಣಿಕ ಸಭಿಕರೇ,

ಮೇಜಿನ ಮೇಲಿರುವ ಆ ಗಡಿಯಾರ ನನಗೆ ಬೀಳ್ಕೊಡುಗೆಯಾಗಿ ತಂದದ್ದೆಂದು ಬಲ್ಲೆ. ಭಾಷಣ ಮುಗಿದ ಮೇಲೆ ಕೊಡಿ ಎಂದು ಅಧ್ಯಕ್ಷರನ್ನು ಕೇಳಿಕೊಂಡಿದ್ದೇನೆ. ಕೇಳಿದ ಮೇಲೆ ಕೊಡಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಬಹುದು.

ಹಾಲ್ಡರ್‌ಗಿಲ್ ಕುಟುಂಬ ಸಂಘಕ್ಕೆ ನಾನು ಮೂವತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದೆ. ಇದು ನಮ್ಮ ಕೊನೆಯ ವಾರ್ಷಿಕ ಸಭೆ. ಸಂಘ ಆರಂಭಿಸಿದಾಗ ಈ ಕಣಿವೆಯ ದೂರವಾಣಿ ಪುಸ್ತಕವೊಂದರಲ್ಲೇ ಈ ಹೆಸರಿನವರು ಏಳು ಮಂದಿ ಇದ್ದರು. ಅವರಲ್ಲಿ ಆರು ಮಂದಿ ಒಬ್ಬರಿಗೊಬ್ಬರು ದಾಯಾದಿಗಳು, ಹಾಗಾಗಿ ಮಾತುಕತೆ ಇರಲಿಲ್ಲ. ಇಂದು ಈ ಹೆಸರಿನವರು ದೇಶದಲ್ಲೆಲ್ಲ ಸೇರಿ ಹನ್ನೊಂದು ಜನ. ಅರವತ್ತರ ಒಳಗಿನವರು ಯಾರೂ ಇಲ್ಲ. ನನ್ನ ಹಿಂದಿನ ಗೋಡೆಯ ಮೇಲಿರುವ ವಂಶವೃಕ್ಷ ನಾಳೆ ಬೆಳಿಗ್ಗೆ ದಾಖಲೆ ಭಂಡಾರ ಸೇರುತ್ತದೆ. ಗಾಜಿನ ಹಿಂದೆ ಹೋದ ಮೇಲೆ ಅದಕ್ಕೆ ಯಾರೂ ಏನನ್ನೂ ಸೇರಿಸುವಂತಿಲ್ಲ. ಅದನ್ನು ತಿದ್ದಲು ನನಗೆ ಉಳಿದಿರುವುದು ಈ ಮಧ್ಯಾಹ್ನ ಮಾತ್ರ.

ಏನು ತಿದ್ದಬೇಕು? ಹೇಳುತ್ತೇನೆ. ಮೊದಲು ಹೆಸರಿನ ಮಾತು.

ನಮ್ಮ ಹೆಸರು ಎಲ್ಲಿಂದ ಬಂತೆಂದು ನನ್ನ ಪುಸ್ತಿಕೆಯಲ್ಲಿ ನೀವೆಲ್ಲ ಓದಿದ್ದೀರಿ. ಈ ಕಣಿವೆಯ ಮೇಲ್ಗಡೆ, ಕುರಿದೊಡ್ಡಿಯ ಆಚೆ, ಸಣ್ಣದೊಂದು ತೊರೆಯ ಕಮರಿ ಇದೆ. ಅದೇ ಹಾಲ್ಡರ್‌ಗಿಲ್. ಸಾವಿರದ ಮುನ್ನೂರ ಮೂವತ್ತೆಂಟರಲ್ಲಿ ಅಲ್ಲಿದ್ದ ಜಾನ್ ಎಂಬವನಿಂದ ನಾವೆಲ್ಲ ಬಂದೆವು. ಅವನ ತಂದೆಯ ಹೆಸರು, ಹಾಳೆ ಹರಿದಿರುವುದರಿಂದ, ತಿಳಿಯದು. ಹೀಗೆಂದು ಬರೆದವನು ನಾನು.

ಸಭಿಕರೇ, ಆ ಹಾಳೆ ಹರಿದಿಲ್ಲ.

ಅದು ಜಮೀನ್ದಾರನ ನ್ಯಾಯಸಭೆಯ ಸುರುಳಿ. ಅದರಲ್ಲಿ ಇರುವುದು ಇಷ್ಟು: ‘ಹಾಲ್ಡರ್‌ಗಿಲ್‌ನ ಆಗ್ನೆಸ್, ಮದುವೆಯಿಲ್ಲದೆ ಜಾನ್ ಎಂಬ ಮಗನನ್ನು ಹೆತ್ತದ್ದಕ್ಕೆ, ದಂಡ ಆರು ಪೆನ್ಸ್.’ ನಮ್ಮ ಹೆಸರು ಈ ಲೋಕದಲ್ಲಿ ಮೊದಲ ಸಲ ಬರಹಕ್ಕೆ ಬಂದದ್ದು ಒಬ್ಬ ಹೆಣ್ಣುಮಗಳ ಮೇಲೆ ಹಾಕಿದ ದಂಡದಲ್ಲಿ. ಅಪ್ಪನ ಹೆಸರು ಸಿಗದ ಹುಡುಗನನ್ನು ಊರವರು ತೊರೆಯ ಹೆಸರಿನಿಂದ ಕರೆದರು. ನಾನು ಇದನ್ನು ಸಾವಿರದ ಒಂಬೈನೂರ ಎಂಬತ್ತಮೂರರಲ್ಲೇ ಓದಿದೆ. ಓದಿ, ಸುರುಳಿಯನ್ನು ಸುತ್ತಿಟ್ಟು, ಬಸ್ಸಿನಲ್ಲಿ ಮನೆಗೆ ಬಂದು, ‘ಹಾಳೆ ಹರಿದಿದೆ’ ಎಂದು ಬರೆದೆ.

ಏಕೆ ಬರೆದೆ? ಸಂಘದ ನಾಲ್ಕನೆಯ ನಿಯಮವನ್ನು ನೆನಪಿಸಿಕೊಳ್ಳಿ: ‘ವಿವಾಹಬಂಧದಲ್ಲಿ ಹುಟ್ಟಿದವರನ್ನು ಮಾತ್ರ ವೃಕ್ಷದಲ್ಲಿ ನಮೂದಿಸತಕ್ಕದ್ದು.’ ಆ ನಿಯಮವನ್ನು ಸೂಚಿಸಿದವನೂ ನಾನೇ. ಅದನ್ನು ಬುಡದಿಂದಲೇ ಪಾಲಿಸಿದರೆ ಮರವೇ ಇಲ್ಲ. ನಾನು ಬುಡವನ್ನು ಮುಚ್ಚಿಟ್ಟೆ, ನಿಯಮವನ್ನು ಉಳಿಸಿಕೊಂಡೆ. ಆ ನಿಯಮ ನನಗೆ ಬೇಕಾಗಿತ್ತು.

ವೃಕ್ಷದ ಬಲತುದಿಯಲ್ಲಿ, ಕೆಳಗಿನಿಂದ ಎರಡನೆಯ ಸಾಲಿನಲ್ಲಿ, ‘ಹಿಲ್ಡಾ’ ಎಂದಿದೆ. ಅದರ ಕೆಳಗೊಂದು ಅಡ್ಡಗೆರೆ. ಕೊಂಬೆ ಇಲ್ಲಿಗೆ ಮುಗಿಯಿತು ಎಂದು ಆ ಗೆರೆಯ ಅರ್ಥ. ಹಿಲ್ಡಾ ನನ್ನ ಅಕ್ಕ.

ಅವಳಿಗೆ ಹತ್ತೊಂಬತ್ತು, ನನಗೆ ಹದಿನಾರು. ನಮ್ಮ ತಂದೆ ಇದೇ ಚಾಪೆಲಿನಲ್ಲಿ, ನಾವೀಗ ಸೇರಿರುವ ಈ ಪ್ರಾರ್ಥನಾಮಂದಿರದಲ್ಲಿ, ಭಾನುವಾರದ ಶಾಲೆ ನಡೆಸುತ್ತಿದ್ದರು. ಅಕ್ಕ ಬಸುರಿ ಎಂದು ತಿಳಿದ ದಿನ ಅವರು ಕೂಗಾಡಲಿಲ್ಲ. ‘ಗುರುವಾರ ಬಸ್ಸಿದೆ’ ಎಂದಷ್ಟೇ ಹೇಳಿದರು. ಗುರುವಾರ ಅಕ್ಕ ಪೆಟ್ಟಿಗೆ ಎತ್ತಿಕೊಂಡು ಹೊರಟಳು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಲೇ ಇದ್ದರು, ಒಣಗಿದ್ದನ್ನೇ ಮತ್ತೆ ಒಣಹಾಕುತ್ತಿದ್ದರು. ಗೇಟಿನ ಬಳಿ ಅಕ್ಕ ನನ್ನನ್ನು ಕೇಳಿದಳು: ‘ಏನೋ ಆಂಬ್ರೋಸ್, ಗಂಡಸಾಗಿಬಿಟ್ಟಿದ್ದೀನಿ ಅಂತೀಯಲ್ಲ, ಬಸ್ಸಿನ ತನಕ ಇದನ್ನ ಹಿಡ್ಕೋತೀಯಾ?’

ಹಿಡಿದುಕೊಂಡೆ. ಸೇತುವೆಯ ತನಕ. ಬಸ್ಸು ನಿಲ್ಲುವ ಕಡೆ ಚಾಪೆಲಿನ ಹೆಂಗಸರು ಮೂವರು ನಿಂತದ್ದು ಅಲ್ಲಿಂದ ಕಂಡಿತು. ಪೆಟ್ಟಿಗೆಯನ್ನು ಸೇತುವೆಯ ಕಲ್ಲಿನ ಮೇಲೆ ಇಟ್ಟುಬಿಟ್ಟೆ. ಅವಳು ಆ ಕಡೆ ನೋಡಿದಳು, ನನ್ನನ್ನು ನೋಡಿದಳು. ‘ಇಲ್ಲೀ ತನಕ ಬಂದ್ಯಲ್ಲ, ಸಾಕು ಬಿಡೋ’ ಎಂದು ತಾನೇ ಎತ್ತಿಕೊಂಡು ಹೋದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ. ಅವಳು ಹೋಗಿ ನೆಲೆಸಿದ ಲೀಡ್ಸ್ ಪಟ್ಟಣ ಇಲ್ಲಿಂದ ಎಷ್ಟು ದೂರ? ಎರಡು ಗಂಟೆಯ ಹಾದಿ. ಏಳುನೂರು ವರ್ಷ ಹಿಂದಕ್ಕೆ ಹೋಗಿ ಸತ್ತವರನ್ನೆಲ್ಲ ಹುಡುಕಿದವನು ನಾನು. ಎರಡು ಗಂಟೆಯ ಹಾದಿ ನಡೆಯಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಅದೂ ನನಗೆ ಗೊತ್ತಾದದ್ದು ಈ ವಸಂತದಲ್ಲಿ.

ತೊಂಬತ್ತನಾಲ್ಕರಲ್ಲಿ ಸಂಘಕ್ಕೊಂದು ಪತ್ರ ಬಂತು. ಕೆಳಗೆ ‘ಎ. ಹಾಲ್ಡರ್‌ಗಿಲ್’ ಎಂದು ಸಹಿ. ‘ಮಾನ್ಯರೇ, ನನ್ನ ತಾಯಿ ಹಿಲ್ಡಾ ನಿಮ್ಮ ಕಣಿವೆಯವರು. ನಮಗೀಗ ಮಗು ಹುಟ್ಟುವುದಿದೆ. ಈ ಹೆಸರು ಎಲ್ಲಿಂದ ಬಂತೆಂದು ಅದಕ್ಕೆ ಹೇಳಬೇಕೆಂಬ ಆಸೆ. ನಾನು ಸದಸ್ಯನಾಗಬಹುದೇ?’

ನಾನು ಅದೇ ದಿನ ಉತ್ತರ ಬರೆದೆ. ಕಾರ್ಯದರ್ಶಿಯಾಗಿ ನಾನು ಯಾವತ್ತೂ ತಡಮಾಡಿದವನಲ್ಲ. ‘ತಾವು ತಿಳಿಸಿರುವ ಶಾಖೆ ನಮ್ಮ ದಾಖಲೆಗಳಲ್ಲಿ ಇರುವುದಿಲ್ಲ’ ಎಂದು ಬರೆದೆ. ಸುಳ್ಳಲ್ಲ. ದಾಖಲೆ ಬರೆಯುತ್ತಿದ್ದವನು ನಾನಲ್ಲವೇ?

ಏಪ್ರಿಲ್‌ನಲ್ಲಿ ಯುವತಿಯೊಬ್ಬಳು ನನ್ನ ಬಾಗಿಲು ತಟ್ಟಿದಳು. ಕೈಯಲ್ಲಿ ನನ್ನದೇ ಆ ಉತ್ತರ. ಒಳಗೆ ಬಾ ಎಂದರೆ ಬರಲಿಲ್ಲ. ‘ಅಪ್ಪ ಹೋಗಿ ಎರಡು ವರ್ಷ ಆಯ್ತು. ಮೇಜು ಖಾಲಿ ಮಾಡ್ತಿದ್ದಾಗ ಸಿಕ್ತು. ಇದು ನಿಮ್ಮ ಕಾಗದ, ನೀವೇ ಇಟ್ಕೊಳ್ಳಿ, ಮಿಸ್ಟರ್ ಹಾಲ್ಡರ್‌ಗಿಲ್’ ಎಂದಳು. ನಿನ್ನ ಹೆಸರೇನಮ್ಮ ಎಂದೆ. ‘ರೋವಿನಾ ಡಾಬ್ಸನ್.’ ಡಾಬ್ಸನ್ ಹೇಗೆ ಎಂದು ಕೇಳಿದೆ. ಎಂಥ ಪ್ರಶ್ನೆ! ನನ್ನ ಉತ್ತರ ಓದಿದ ಮೇಲೆ ಅವಳ ತಂದೆ, ಸಾಕ್ಷಿಗಳೆದುರು ಒಂದು ಕಾಗದಕ್ಕೆ ಸಹಿ ಹಾಕಿ, ಹೆಂಡತಿಯ ಮನೆತನದ ಹೆಸರು ಇಟ್ಟುಕೊಂಡನಂತೆ. ಮಗುವಿಗೆ ಯಾರಾದರೂ ನಮ್ಮದು ಎನ್ನುವಂಥ ಹೆಸರಿರಲಿ ಎಂದನಂತೆ. ಆಮೇಲೆ ರೋವಿನಾಳ ತಮ್ಮಂದಿರು ಇಬ್ಬರು ಹುಟ್ಟಿದರು. ಅವರೂ ಡಾಬ್ಸನ್.

ಮೂವರು, ಸಭಿಕರೇ. ಹೆಸರು ಅಳಿಯುತ್ತಿದೆ, ಏನಾದರೂ ಮಾಡಬೇಕು ಎಂದು ಪ್ರತಿ ವರ್ಷ ಈ ವೇದಿಕೆಯಿಂದ ಅತ್ತವನು ನಾನು.

ಹಾಲ್ಡರ್‌ಗಿಲ್ ಎಂದು ಮತ್ತೆ ಇಟ್ಟುಕೊಳ್ಳುತ್ತೀಯಾ ಎಂದು, ನಾಚಿಕೆ ಬಿಟ್ಟು, ಅವಳನ್ನು ಕೇಳಿದೆ. ‘ಬೇಡಪ್ಪಾ. ಡಾಬ್ಸನ್ ಅಜ್ಜ ಅಜ್ಜಿ ಪ್ರತಿ ಭಾನುವಾರ ನಮ್ಮನ್ನ ಊಟಕ್ಕೆ ಕರೀತಿದ್ರು’ ಎಂದಳು. ಅವಳು ಮೆಟ್ಟಿಲಿಳಿದು ಹೋಗುವಾಗ ಕೊನೆಯದಾಗಿ ಕೇಳಿದೆ, ‘ಎ’ ಅಂದರೆ ಏನು? ಆರ್ಥರ್? ಆಲ್ಬರ್ಟ್?

‘ಆಂಬ್ರೋಸ್’ ಎಂದಳು. ‘ಅಜ್ಜಿ ಇಟ್ಟ ಹೆಸರು. ಅವರ ತಮ್ಮನ ಹೆಸರಂತೆ. ಬಸ್ಸಿಗೆ ಕಳಿಸೋಕೆ ಅವನೊಬ್ಬ ಬಂದಿದ್ದ ಅಂತಿದ್ರು.’

ಇಪ್ಪತ್ತನಾಲ್ಕು ವರ್ಷದ ಹಿಂದೆ ನಾನು ಹಿಂದಕ್ಕೆ ಕಳಿಸಿದ್ದು ನನ್ನದೇ ಹೆಸರನ್ನು. ಸೇತುವೆಯ ತನಕ ಮಾತ್ರ ಬಂದವನನ್ನು ಅಕ್ಕ ಬಸ್ಸಿನ ತನಕ ಬಂದನೆಂದು ಮಗನಿಗೂ ಮೊಮ್ಮಗಳಿಗೂ ಹೇಳಿಟ್ಟಿದ್ದಳು.

ವೃಕ್ಷದಲ್ಲಿ ಬರೆಯಲು ಒಪ್ಪಿಗೆ ಬೇಡಿ ರೋವಿನಾಗೆ ಪತ್ರ ಹಾಕಿದೆ. ಖಚಿತವಿಲ್ಲದ ಹೆಸರುಗಳನ್ನು ನಾನು ಪೆನ್ಸಿಲ್‌ನಲ್ಲಿ, ಖಚಿತವಾದವನ್ನು ಮಸಿಯಲ್ಲಿ ಬರೆಯುವುದು ನಿಮಗೆ ಗೊತ್ತು. ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆಯಲೇ ಎಂದು ಕೇಳಿದ್ದೆ. ನೋಡಿ, ಆಗಲೂ! ಎರಡು ಸಾಲಿನ ಉತ್ತರ ಬಂತು: ‘ಬರೆಯೋದಾದ್ರೆ ಎಲ್ಲರ ಎದುರಿಗೆ ಬರೀರಿ. ಮಸಿಯಲ್ಲಿ.’

ಅವಳು ಇಂದು ಬಂದಿದ್ದಾಳೆ. ಎಲ್ಲಿ ಕುಳಿತಿದ್ದಾಳೆಂದು ತಿರುಗಿ ನೋಡಬೇಡಿ, ದಯವಿಟ್ಟು. ಈ ಊರಲ್ಲಿ ಅವಳ ಅಜ್ಜಿಯನ್ನು ನೋಡಿದ್ದೇ ಸಾಕು.

ಭಂಡಾರದ ಅತಿಥಿಗಳೇ, ಎರಡು ನಿಮಿಷ ಕೊಡಿ. ಬುಡದಲ್ಲಿ ಜಾನ್‌ನ ಮೇಲೆ ಆಗ್ನೆಸಳ ಹೆಸರು ಬರೆಯುತ್ತೇನೆ. ಹಿಲ್ಡಾಳ ಕೆಳಗಿನ ಅಡ್ಡಗೆರೆಯನ್ನು ಅಳಿಸಲಾಗದು, ಮಸಿಯಲ್ಲಿ ಎಳೆದುಬಿಟ್ಟಿದ್ದೇನೆ. ಅದನ್ನು ದಾಟಿಸಿ ಕೆಳಕ್ಕೆ ಗೆರೆ ಎಳೆಯಬೇಕು. ಎಳೆದದ್ದು ಕಾಣುತ್ತದೆ. ಕಾಣಲಿ. ಅದರ ಕೆಳಗೆ ಆಂಬ್ರೋಸ್, ಅವನ ಕೆಳಗೆ ಮೂವರು ಡಾಬ್ಸನ್‌ಗಳು. ಸಾವಿರ ಸಲ ಬರೆದ ಹೆಸರು, ಆದರೂ ಇಂದು ಒಂದೊಂದೇ ಅಕ್ಷರ ಬರೆಯುತ್ತೇನೆ. ನಿಧಾನವಾದರೆ ಕ್ಷಮಿಸಿ.

ಇಷ್ಟು ವರ್ಷ ನನ್ನ ಮಾತನ್ನು ನಂಬಿದ್ದಕ್ಕೆ ನಿಮಗೆ ಕೃತಜ್ಞ, ನಂಬಿಸಿದ್ದಕ್ಕೆ ತಪ್ಪಿತಸ್ಥ. ಲೇಖನಿಯ ಮುಚ್ಚಳ ತೆಗೆಯುತ್ತಿದ್ದೇನೆ. ಎಲ್ಲರಿಗೂ ನಮಸ್ಕಾರ. ಅಕ್ಕಾ, ನಿನಗೂ.